ಮಳೆಗಾಲಕ್ಕೆ ಎಷ್ಟು ಬಿಟ್ಟೆ?

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿರುವುದಿಲ್ಲ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿರುತ್ತದೆ. ಜಾಡಿಯೊಳಗೆ ಅಪ್ಪೆಮಿಡಿ ಉಪ್ಪು ಹೀರಿಕೊಂಡು ಸುಕ್ಕಾಗುತ್ತಿರುತ್ತದೆ. ಕೊಟ್ಟಿಗೆಗೆ ದರಕು (ಒಣಗಿದ ಎಲೆ) ತುಂಬಬೇಕು, ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಬೇಕು. ನಮ್ಮದು ಶಿರಸಿ ಸೀಮೆ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಹಾಗಾಗಿ ಬೇಸಿಗೆ ಅಂದರೆ ನಮಗೆ ಮಳೆಗಾಲದ ತಯಾರಿ.

ಅದೇ ದಿನಗಳಲ್ಲಿ ಹಿತ್ತಿಲಿನಲ್ಲೂ ಇದೇ ಕೆಲಸ ನಡೆದಿರುತ್ತದೆ. ಬಾವಿಕಟ್ಟೆಯ ಆಚೆ, ನೇರಳೆ ಮರದ ನೆರಳಿನಲ್ಲಿ ನನ್ನ ಮೂರು ಜೇನುಪೆಟ್ಟಿಗೆಗಳಿವೆ. ಬೆಳಗ್ಗೆ ಆರೂವರೆಗೆಲ್ಲ ನೊಣಗಳು ಸಾಲಾಗಿ ಹೊರಡುತ್ತವೆ. ಸೂರ್ಯ ಮುಳುಗುವವರೆಗೆ ತರುತ್ತಲೇ ಇರುತ್ತವೆ. ಅವೂ ಮಳೆಗಾಲಕ್ಕೇ ಕೂಡಿಡುತ್ತಿರುತ್ತವೆ. ನಾವು ಹಪ್ಪಳದ ಡಬ್ಬ ತುಂಬಿಸುವ ವಾರದಲ್ಲೇ ಹೋಗಿ ಅವುಗಳ ಡಬ್ಬ ತೆರೆಯುತ್ತೇವೆ.

ನಾನು ಜೇನು ಸಾಕಲು ಶುರುಮಾಡಿ ಎಂಟು ವರ್ಷವಾಯಿತು. ಈ ಮಾತು ನನಗೆ ಹೊಳೆಯಲು ಅದರಲ್ಲಿ ಎರಡು ವರ್ಷ ಬೇಕಾಯಿತು. ಅದೂ ಒಂದು ಜೇನು ಕುಟುಂಬವನ್ನು ಕಳೆದುಕೊಂಡ ಮೇಲೆ.

ಮೊದಲ ಕುಟುಂಬ ಸಿಕ್ಕಿದ್ದು ನಮ್ಮ ಸೊಪ್ಪಿನ ಬೆಟ್ಟದ ಒಂದು ಹಳೆ ಹುತ್ತದಲ್ಲಿ. ಕೆಳಗಿನ ಮನೆ ಅಜ್ಜ ಬಂದು ಹುತ್ತದ ಬಾಯಿಗೆ ಕಿವಿಯಿಟ್ಟು ಕೇಳಿದರು. "ತುಡುವೆಯೇ" ಅಂದರು. ನಮ್ಮ ಕಡೆ ಜೇನಿನಲ್ಲಿ ನಾಲ್ಕು ಜಾತಿ. ದೊಡ್ಡ ಮರದ ಕೊಂಬೆಗೆ, ಬಂಡೆಗೆ ಒಂದೇ ಒಂದು ಅಗಲವಾದ ಎರಿ, ಅಂದರೆ ಮೇಣದ ಹಲ್ಲೆ, ಕಟ್ಟಿ ತೂಗುವುದು ಹೆಜ್ಜೇನು. ಬೇಲಿ ಗಿಡದ ಕಡ್ಡಿಗೆ ಅಂಗೈಯಷ್ಟು ಎರಿ ಕಟ್ಟುವುದು ಕೋಲುಜೇನು. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆ ಮಾಡಿಕೊಂಡು ಇರುವ ಪುಟ್ಟ, ಕುಟುಕದ ಜಾತಿ ಮಿಸರಿ. ಕತ್ತಲೆಯಲ್ಲಿ, ಪೊಟರೆಯಲ್ಲೋ ಹುತ್ತದಲ್ಲೋ ಸಾಲಾಗಿ ಹಲವು ಎರಿ ಕಟ್ಟುವುದು ತುಡುವೆ. ಕತ್ತಲೆಯೇ ಇಷ್ಟವಾದ್ದರಿಂದ ಅದು ಪೆಟ್ಟಿಗೆಯೊಳಗೂ ಒಗ್ಗಿಕೊಳ್ಳುತ್ತದೆ.

ಅಜ್ಜ ಹುತ್ತವನ್ನು ನಿಧಾನಕ್ಕೆ ಒಡೆದರು. ಒಂದೊಂದೇ ಎರಿ ಕೊಯ್ದು, ಮರದ ಚೌಕಟ್ಟಿಗೆ ಕೂರಿಸಿ, ಬಾಳೆನಾರಿನಿಂದ ಕಟ್ಟಿದರು. ಬರಿಗೈಯಲ್ಲಿ ನೊಣಗಳನ್ನು ಬೊಗಸೆ ಬೊಗಸೆ ಎತ್ತಿ ಪೆಟ್ಟಿಗೆಗೆ ಬಿಟ್ಟರು. ರಾಣಿ ಒಳಗೆ ಹೋದದ್ದೇ ತಡ, ಉಳಿದವು ತಾವಾಗಿಯೇ ಬಾಗಿಲಲ್ಲಿ ಸಾಲುಗಟ್ಟಿದವು. ನಾಲ್ಕೈದು ದಿನದಲ್ಲಿ ನಾರನ್ನು ಕಡಿದು ಹೊರಗೆ ಹಾಕಿ, ಎರಿಯನ್ನು ಮೇಣದಿಂದ ಚೌಕಟ್ಟಿಗೆ ಬೆಸೆದುಬಿಟ್ಟಿದ್ದವು. ಅದನ್ನು ನೋಡಿದ ದಿನ ನಾನು ಊಟಕ್ಕೂ ಎದ್ದು ಹೋಗಲಿಲ್ಲ.

ಚೌಕಟ್ಟಿನ ಪೆಟ್ಟಿಗೆಯ ಹಿಂದೆ ಒಂದು ಸಣ್ಣ ಸೂಕ್ಷ್ಮ ಇದೆ. ಎರಡು ಎರಿಗಳ ನಡುವೆ, ಎರಿಗೂ ಗೋಡೆಗೂ ನಡುವೆ, ನೊಣ ಓಡಾಡುವಷ್ಟೇ ಸಂದು ಬಿಟ್ಟರೆ ಅವು ಅಲ್ಲಿ ಮೇಣ ತುಂಬುವುದಿಲ್ಲ. ಆಗ ಚೌಕಟ್ಟು ಸಲೀಸಾಗಿ ಎದ್ದು ಬರುತ್ತದೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಇದನ್ನು ಬಳಸಿ ಪೆಟ್ಟಿಗೆ ಮಾಡಿದ್ದು 1851ರಲ್ಲಿ. ಆ ದೊಡ್ಡ ಪೆಟ್ಟಿಗೆ ನಮ್ಮ ತುಡುವೆಗೆ ಹೊಂದುವುದಿಲ್ಲ. ಶತಮಾನದ ಹಿಂದೆ ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ಅದನ್ನು ಚಿಕ್ಕದು ಮಾಡಿ, ತುಡುವೆಯ ಅಳತೆಗೆ ತಂದರು. ಇವತ್ತಿಗೂ ನಮ್ಮ ಕಡೆ ನ್ಯೂಟನ್ ಪೆಟ್ಟಿಗೆ ಅಂದರೆ ಎಲ್ಲರಿಗೂ ಗೊತ್ತು. ಕೆಳಗೆ ಸಂಸಾರ ಕೋಣೆ: ರಾಣಿ, ಮೊಟ್ಟೆ, ಮರಿ ಎಲ್ಲ ಅಲ್ಲಿ. ಮೇಲೆ ಗಿಡ್ಡ ಚೌಕಟ್ಟುಗಳ ಜೇನುಕೋಣೆ. ಅದಕ್ಕೆ ನಾವು ಸೂಪರ್ ಅನ್ನುತ್ತೇವೆ. ನಾವು ಕೈ ಹಾಕಬೇಕಾದದ್ದು ಸೂಪರಿಗೆ ಮಾತ್ರ.

ಅಜ್ಜನ ಅಪ್ಪನ ಕಾಲದಲ್ಲಿ ಹೀಗಿರಲಿಲ್ಲವಂತೆ. ರಾತ್ರಿ ಸೂಡಿ ಹಿಡಿದು ಹೋಗಿ, ನೊಣ ಸುಟ್ಟು, ಎರಿ ಪೂರ್ತಿ ಕಿತ್ತು, ಮರಿ ಸಮೇತ ಹಿಂಡುತ್ತಿದ್ದರು. ಅಜ್ಜ ಅದನ್ನು ಹೇಳುವಾಗ ದನಿ ಸಣ್ಣದಾಗುತ್ತಿತ್ತು.

ಮಾರ್ಚ್ ತಿಂಗಳ ರಾತ್ರಿ ಪೆಟ್ಟಿಗೆಯ ಹತ್ತಿರ ಹೋಗಿ ನಿಲ್ಲುವುದು ನನಗೆ ತುಂಬಾ ಇಷ್ಟ. ಮಾವು, ಗೇರು ಮುಗಿದು ಅಳಲೆ, ನೇರಳೆ ಅರಳುವ ಹೊತ್ತು. ಊರೆಲ್ಲ ಮಲಗಿದ ಮೇಲೂ ಒಳಗಿಂದ ಒಂದೇ ಸಮನೆ ಗುಂಯ್‌ ಅನ್ನುವ ಸದ್ದು. ಬಾಗಿಲಲ್ಲಿ ಒಂದಷ್ಟು ನೊಣಗಳು ತಲೆ ತಗ್ಗಿಸಿ ನಿಂತು ರೆಕ್ಕೆ ಬೀಸುತ್ತಿರುತ್ತವೆ. ಹೂವಿನಿಂದ ತಂದ ರಸದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಅದನ್ನು ಬಾಯಿಂದ ಬಾಯಿಗೆ ಕೊಟ್ಟು, ಎರಿಯ ಕಣ್ಣುಗಳಲ್ಲಿ (ಮೇಣದ ಪುಟ್ಟ ಗೂಡುಗಳಲ್ಲಿ) ಹರಡಿ, ರೆಕ್ಕೆಯ ಗಾಳಿಯಲ್ಲಿ ಆರಿಸಿ ಗಟ್ಟಿ ಮಾಡಬೇಕು. ಹಗಲೆಲ್ಲ ತಂದದ್ದನ್ನು ರಾತ್ರಿಯೆಲ್ಲ ಒಣಗಿಸುತ್ತವೆ. ಆಗ ಪೆಟ್ಟಿಗೆಯ ಸುತ್ತ ಒಂದು ವಾಸನೆ ಹಬ್ಬಿರುತ್ತದೆ. ಬೆಲ್ಲದ ಆಲೆಮನೆಯ ವಾಸನೆಗೆ ಹೂವು ಬೆರೆತ ಹಾಗೆ. ಅತ್ತೆಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಅವರು ಬಹಳ ಹೊತ್ತು ನಿಂತು, "ಇವಕ್ಕೆ ನಿದ್ದೆ ಇಲ್ಯನೇ ತಂಗಿ?" ಅಂದರು.

ರಸ ಗಟ್ಟಿಯಾದ ಮೇಲೆ ಒಂದೊಂದು ಕಣ್ಣಿಗೂ ಬಿಳಿ ಮೇಣದ ಮುಚ್ಚಳ ಹಾಕುತ್ತವೆ. ಆ ಮುಚ್ಚಳವೇ ನಮಗೆ ಗುರುತು. ಚೌಕಟ್ಟಿನ ಮುಕ್ಕಾಲು ಪಾಲಾದರೂ ಮುಚ್ಚಿರಬೇಕು. ಅನುಮಾನ ಇದ್ದರೆ ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಜಾಡಿಸಿ ನೋಡುತ್ತೇನೆ. ಹನಿ ಉದುರಿದರೆ ಇನ್ನೂ ಹಸಿ, ಸುಮ್ನೆ ವಾಪಸ್ ಇಡುವುದೇ ಸರಿ. ಹಸಿ ಜೇನು ಬಾಟಲಿಯಲ್ಲಿ ನೊರೆ ಬಂದು ಹುಳಿಯಾಗುತ್ತದೆ. ಜೇನಿನಲ್ಲಿ ನೀರಿನಂಶ ಶೇ 20 ಮೀರಬಾರದು ಎನ್ನುವುದು ಲೆಕ್ಕ. ನಮ್ಮ ಮಲೆನಾಡಿನ ಗಾಳಿಯಲ್ಲೇ ನೀರು ಇರುವುದರಿಂದ ತುಡುವೆ ಜೇನು ಸ್ವಲ್ಪ ತೆಳುವೇ. ಅದಕ್ಕೆ ಮುಚ್ಚಳ ಬೀಳುವವರೆಗೆ ಕಾಯುವ ತಾಳ್ಮೆ ನಮಗೆ ಬೇರೆಯವರಿಗಿಂತ ಜಾಸ್ತಿ ಬೇಕು.

ಜೇನು ತೆಗೆಯುವ ದಿನ ಬೆಳಗ್ಗೆ ಬೇಗ ಎದ್ದು ಸ್ನಾನ ಮುಗಿಸುತ್ತೇನೆ. ತಲೆಗೆ ಎಣ್ಣೆ, ಮೈಗೆ ಪೌಡರು ಏನೂ ಇಲ್ಲ. ಗಾಢ ವಾಸನೆ ಅವಕ್ಕೆ ಆಗುವುದಿಲ್ಲ. ಹೊಗೆತಿದಿಗೆ ಒಣಗಿದ ಅಡಿಕೆ ಸಿಪ್ಪೆ ತುಂಬಿ ಕಿಡಿ ಹಾಕುತ್ತೇನೆ. ತುಡುವೆಗೆ ಹೊಗೆ ಜಾಸ್ತಿ ಬೇಡ, ಬಾಗಿಲಿಗೆ ಎರಡು ಸಲ, ಮುಚ್ಚಳ ತೆಗೆದು ಒಂದು ಸಲ, ಅಷ್ಟು ಸಾಕು. ನಂತರ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತುವುದು. ಅವಸರ ಮಾಡಿದರೆ ಒಂದಾದರೂ ನೊಣ ಬೆರಳಡಿ ಸಿಕ್ಕುತ್ತದೆ. ಒಂದು ಕುಟುಕಿದರೆ ಅಲ್ಲಿ ಹಣ್ಣಾದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ. ಉಳಿದವಕ್ಕೆ ಅದೇ ಕರೆ. ಆಗ ಮುಳ್ಳನ್ನು ತೆಗೆಯಲು ತಡಮಾಡಬಾರದು. ತಡವಾದಷ್ಟೂ ಅದರ ಚೀಲದ ವಿಷ ಒಳಗಿಳಿಯುತ್ತದೆ. ಉಗುರಿನಿಂದ ಕೂಡಲೇ ಕೆರೆದು ತೆಗೆದು, ಅಲ್ಲಿಗೆ ಸ್ವಲ್ಪ ಹೊಗೆ ಬಿಟ್ಟು, ಎರಡು ನಿಮಿಷ ದೂರ ನಿಲ್ಲಬೇಕು.

ಎರಿಯ ಮೇಲಿನ ನೊಣಗಳನ್ನು ಹಸಿ ಹುಲ್ಲಿನ ಕಟ್ಟಿನಿಂದ ಮೆಲ್ಲಗೆ ಕೆಳಕ್ಕೆ ಸವರುತ್ತೇನೆ. ಸೂಪರಿನ ಎರಿಯಲ್ಲಿ ಮೊಟ್ಟೆ, ಮರಿ ಇದೆಯಾ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ರಾಣಿ ಒಮ್ಮೊಮ್ಮೆ ಮೇಲೆ ಬಂದು ಮೊಟ್ಟೆ ಇಟ್ಟಿರುತ್ತಾಳೆ. ಅಂಥ ಎರಿಯನ್ನು ಮುಟ್ಟುವ ಮಾತೇ ಇಲ್ಲ. ಉಳಿದವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ನೇರ ಮನೆಯೊಳಗೆ ತಂದು, ಕಿಟಕಿ ಬಾಗಿಲು ಹಾಕುತ್ತೇನೆ. ಬಯಲಲ್ಲಿ ಜೇನು ತೆಗೆದರೆ ಪಕ್ಕದ ಪೆಟ್ಟಿಗೆಯ ನೊಣಗಳು ಕೊಳ್ಳೆಗೆ ಬರುತ್ತವೆ. ಒಮ್ಮೆ ಕೊಳ್ಳೆ ಶುರುವಾದರೆ ದುರ್ಬಲ ಕುಟುಂಬ ಉಳಿಯುವುದು ಕಷ್ಟ.

ಒಳಗೆ ಬಂದ ಮೇಲಿನ ಕೆಲಸ ಹಬ್ಬದ ಹಾಗೆ. ಬಿಸಿನೀರಲ್ಲಿ ಅದ್ದಿದ ಚಾಕುವಿನಿಂದ ಮೇಣದ ಮುಚ್ಚಳವನ್ನು ತೆಳ್ಳಗೆ ಹೆರೆಯುವುದು. ಚೌಕಟ್ಟುಗಳನ್ನು ಡ್ರಮ್ಮಿನ ಯಂತ್ರದಲ್ಲಿಟ್ಟು ಹಿಡಿಕೆ ತಿರುಗಿಸುವುದು. ಮೊದಲು ನಿಧಾನಕ್ಕೆ ಒಂದು ಬದಿ, ಆಮೇಲೆ ಮಗುಚಿ ಇನ್ನೊಂದು ಬದಿ. ಜೋರಾಗಿ ತಿರುಗಿಸಿದರೆ ಎರಿ ಮುರಿಯುತ್ತದೆ. ಡ್ರಮ್ಮಿನ ಗೋಡೆಗೆ ಜೇನು ಚಿಮ್ಮುವ ಸದ್ದು ತಗಡಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ ಇರುತ್ತದೆ. 1865ರಲ್ಲಿ ಹ್ರುಷ್ಕಾ ಎನ್ನುವವರು ಈ ಯಂತ್ರವನ್ನು ಜನರ ಮುಂದಿಟ್ಟರು. ಇದರಿಂದ ಎರಿ ಮುರಿಯದೆ ಜೇನು ಮಾತ್ರ ಹೊರಬರುತ್ತದೆ. ಖಾಲಿ ಎರಿಯನ್ನು ಅವತ್ತೇ ಸಂಜೆ ಪೆಟ್ಟಿಗೆಗೆ ವಾಪಸ್ ಕೊಡುತ್ತೇನೆ. ಒಂದು ಕೇಜಿ ಮೇಣ ಕಟ್ಟಲು ಅವು ಹಲವು ಕೇಜಿ ಜೇನು ಖರ್ಚು ಮಾಡಬೇಕು. ಕಟ್ಟಿದ ಮನೆ ಉಳಿಸಿಕೊಟ್ಟರೆ ಅಷ್ಟೂ ಉಳಿತಾಯ.

ಅತ್ತೆಯ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸೋಸಿ, ಒಂದು ದಿನ ಹಾಗೇ ಬಿಟ್ಟರೆ ನೊರೆ, ಮೇಣದ ಚೂರು ಎಲ್ಲ ಮೇಲೆ ತೇಲುತ್ತದೆ. ಕಾಯಿಸುವುದಿಲ್ಲ. ಒಣಗಿದ ಗಾಜಿನ ಬಾಟಲಿಗೆ ತುಂಬಿದರೆ ಆಯಿತು. ನೇರಳೆ ಕಾಲದ ಜೇನು ಕಪ್ಪಗೆ, ಕೊನೆಯಲ್ಲಿ ಸ್ವಲ್ಪ ಕಹಿ. ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಒಂದು ಸೂಪರಿನಿಂದ ಎರಡು, ಹೆಚ್ಚೆಂದರೆ ಎರಡೂವರೆ ಕೇಜಿ ಸಿಗುತ್ತದೆ.

ಇನ್ನು ಆ ಎರಡನೇ ವರ್ಷದ ಮಾತು.

ಆ ವರ್ಷ ಹೂವು ಎಲ್ಲಿಲ್ಲದ ಹಾಗೆ ಬಂದಿತ್ತು. ಹುತ್ತದಿಂದ ತಂದ ಕುಟುಂಬ ಬಲವಾಗಿ ಬೆಳೆದಿತ್ತು. ಮಾರ್ಚ್ ಕೊನೆಗೆ ಒಂದು ಸಲ ತೆಗೆದೆ. ಏಪ್ರಿಲ್‌ನಲ್ಲಿ ಎರಡು ಸಲ. ಮೇ ಕೊನೆಯ ಭಾನುವಾರ ಬೆಂಗಳೂರಿಂದ ನೆಂಟರು ಬಂದಿದ್ದರು. ಮಕ್ಕಳಿಗೆ ಜೇನು ತೆಗೆಯುವುದನ್ನು ನೋಡಬೇಕಿತ್ತು. ಸೂಪರ್ ತುಂಬಿಯೂ ಇತ್ತು. ನಾಲ್ಕನೇ ಸಲವೂ ತೆಗೆದೆ. ಎಲ್ಲರ ಎದುರು ತೂಗಿದಾಗ ಆ ವರ್ಷದ ಲೆಕ್ಕ 9 ಕೇಜಿ ದಾಟಿತು. ಒಂದೇ ಪೆಟ್ಟಿಗೆಯಿಂದ! ಬಾಟಲಿಗಳನ್ನು ಸಾಲಾಗಿಟ್ಟು ಫೋಟೋ ತೆಗೆಸಿಕೊಂಡೆ. ಕೆಳಗಿನ ಮನೆ ಅಜ್ಜನಿಗೆ ಒಂದು ಬಾಟಲಿ ಕೊಡಲು ಹೋದೆ. ಅವರು ಬಾಟಲಿ ನೋಡಲಿಲ್ಲ. "ಮಳೆಗಾಲಕ್ಕೆ ಎಷ್ಟು ಬಿಟ್ಟೆ ತಂಗಿ?" ಎಂದು ಕೇಳಿದರು. ಕೆಳಗಿನ ಕೋಣೆಯಲ್ಲಿ ಇರಬೇಕು ಅಂದೆ. ನೋಡಿರಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಜುಲೈನಲ್ಲಿ ಒಂದು ದಿನವೂ ಹೊಳವು ಆಗಲಿಲ್ಲ. ನಾನು ತೋಟದ ಕೆಲಸ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದೆ. ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಪೆಟ್ಟಿಗೆಯ ಹಿಂಬದಿಗೆ ಕೈ ಹಾಕಿ ಎತ್ತಿದೆ. ಖಾಲಿ ಹಲಗೆಯಷ್ಟು ಹಗುರ. ಮುಚ್ಚಳ ತೆಗೆದರೆ ಸದ್ದೇ ಇಲ್ಲ. ಅಡಿಮಣೆಯ ಮೇಲೆ ಒಣಗಿದ ನೊಣಗಳ ರಾಶಿ. ಎರಿಯಲ್ಲಿ ಉಳಿದವೆಲ್ಲ ತಲೆಯನ್ನು ಖಾಲಿ ಕಣ್ಣುಗಳ ಒಳಗೆ ತೂರಿಸಿಕೊಂಡೇ ಸತ್ತಿದ್ದವು. ಬಾಲದ ತುದಿಗಳು ಮಾತ್ರ ಹೊರಗೆ. ಕೊನೆಯ ಹನಿ ಹುಡುಕುತ್ತ ಹೋದವು ಹಾಗೇ ಉಳಿದಿದ್ದವು.

ಆ ಚೌಕಟ್ಟು ಹಿಡಿದುಕೊಂಡು ಮಳೆಯಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಅತ್ತೆ ಬಂದು ಛತ್ರಿ ಹಿಡಿದರು. ಏನೂ ಹೇಳಲಿಲ್ಲ. ಒಳಗೆ ಕಪಾಟಿನಲ್ಲಿ ಎರಡು ಬಾಟಲಿ ಜೇನು ಇನ್ನೂ ಹಾಗೇ ಇತ್ತು. ಆ ಎರಡು ಬಾಟಲಿ ಎರಿಯಲ್ಲೇ ಇದ್ದಿದ್ದರೆ ಅವು ಬಹುಶಃ ದಾಟಿಬಿಡುತ್ತಿದ್ದವು. ಆ ವರ್ಷ ನನಗೆ ಅದನ್ನು ತಿನ್ನಲು ಆಗಲಿಲ್ಲ.

ಆಮೇಲೆ ಓದಿ, ಕೇಳಿ ತಿಳಿದುಕೊಂಡ ಒಂದು ವಿಷಯ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಹೂವಿನ ಕಾಲದಲ್ಲಿ ದುಡಿಯುವ ನೊಣದ ಆಯುಷ್ಯ ಐದಾರು ವಾರ ಅಷ್ಟೇ. ಏಪ್ರಿಲ್‌ನಲ್ಲಿ ನೇರಳೆ ಹೂವಿಗೆ ಹೋದ ನೊಣ ಜುಲೈ ನೋಡುವುದಿಲ್ಲ. ಅದು ತಂದದ್ದು ತನಗಲ್ಲ. ಆಗಿನ್ನೂ ಮೊಟ್ಟೆಯೂ ಆಗಿರದ ನೊಣಗಳಿಗೆ. ಅವು ಹುಟ್ಟುವ ಹೊತ್ತಿಗೆ ಕೂಡಿಟ್ಟವು ಒಂದೂ ಇರುವುದಿಲ್ಲ, ಕೂಡಿಟ್ಟದ್ದು ಮಾತ್ರ ಇರಬೇಕು. ಅದನ್ನೂ ನಾನು ಬಾಟಲಿಗೆ ತುಂಬಿದ್ದೆ.

ಕುಟುಂಬ ಹೋಯಿತು ಎಂದು ಹೇಳಿದಾಗ ಅಜ್ಜ ನನ್ನನ್ನು ಬೈಯಲಿಲ್ಲ. ತಮ್ಮ ಕಥೆ ಹೇಳಿದರು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ಬಡಿಯಿತು. ಮರಿಗಳು ಕಣ್ಣಿನೊಳಗೇ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು. ಕೇರಳ, ಕರ್ನಾಟಕದಲ್ಲಿ ಸಾಲು ಸಾಲು ಪೆಟ್ಟಿಗೆ ಖಾಲಿಯಾದವು. ಅಜ್ಜನ ಹತ್ತಿರ ಆಗ ಇಪ್ಪತ್ತು ಪೆಟ್ಟಿಗೆ ಇದ್ದವಂತೆ. ಒಂದೂ ಉಳಿಯಲಿಲ್ಲ. ಕೆಲವರು ಪೆಟ್ಟಿಗೆಗಳನ್ನು ಒಲೆಗೆ ಹಾಕಿದರು. ಅಜ್ಜ ಅಟ್ಟದ ಮೇಲಿಟ್ಟರು. ಕೆಲವು ವರ್ಷ ಕಳೆದ ಮೇಲೆ ಕಾಡಿನಲ್ಲಿ ರೋಗ ತಾಳಿಕೊಂಡು ಉಳಿದ ಕುಟುಂಬಗಳು ಮತ್ತೆ ಕಾಣಿಸಿಕೊಂಡವು. ಬೆಟ್ಟದ ಪೊಟರೆಯೊಂದರಲ್ಲಿ ತುಡುವೆ ಹಾರಾಡುವುದನ್ನು ನೋಡಿದ ದಿನ ಮನೆಗೆ ಬಂದು ಅಟ್ಟ ಹತ್ತಿದರಂತೆ. "ರೋಗಕ್ಕೆ ನಾ ಏನೂ ಮಾಡಲಾಗಿತ್ತಿಲ್ಲೆ. ಹಸಿವಿಗೆ ಮಾಡಲಾಗ್ತು" ಅಂದರು. ಅವತ್ತೇ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ ನನಗೆ ಕೊಟ್ಟರು. ಅದೇ ಈಗ ಬಾವಿಕಟ್ಟೆಯ ಹತ್ತಿರದ್ದು. ಅಜ್ಜ ಈಗಿಲ್ಲ.

ಈಗ ನನ್ನ ಪದ್ಧತಿ ಬೇರೆ. ಏಪ್ರಿಲ್ ಕೊನೆಯ ನಂತರ ಸೂಪರ್ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ಮತ್ತಿ ಹೂವಿನಿಂದ ಬರುವುದೆಲ್ಲ ಅವುಗಳದ್ದೇ. ಸಂಸಾರ ಕೋಣೆಯಲ್ಲಿ ಎರಿಯ ಮೇಲಂಚಿಗೆ ಜೇನಿನ ಪಟ್ಟಿ ಎಷ್ಟು ಅಗಲ ಇದೆ ಎಂದು ನೋಡಿಯೇ ಮೇಲಿನದಕ್ಕೆ ಕೈ ಹಾಕುತ್ತೇನೆ. ಹೀಗೆ ಮಾಡಿದ ಮೇಲೆ ಒಂದು ಪೆಟ್ಟಿಗೆಗೆ ನಾಲ್ಕೈದು ಕೇಜಿ ಸಿಗುತ್ತದೆ. ಕೆಲವು ವರ್ಷ ಮೂರೇ. ಸಾಕು, ಅಲ್ವಾ? ನಾಲ್ಕು ಜನರ ಮನೆಗೆ ಮೂರು ಪೆಟ್ಟಿಗೆಯ ಜೇನು ವರ್ಷಕ್ಕೆ ಮಿಕ್ಕಿ ನೆಂಟರಿಗೂ ಆಗುತ್ತದೆ.

ಮಳೆ ತೀರಾ ಜಾಸ್ತಿಯಾದ ವರ್ಷ ಸಕ್ಕರೆ ಪಾಕ ಕೊಡುತ್ತೇನೆ. ಸಕ್ಕರೆ ಎಷ್ಟೋ ನೀರೂ ಅಷ್ಟೇ, ಕುದಿಸಿ ಆರಿಸಿ, ತೆಂಗಿನ ಗರಟೆಯಲ್ಲಿ ಹಾಕಿ ಮುಚ್ಚಳದ ಒಳಗೆ ಇಡುವುದು. ನೊಣ ಮುಳುಗದ ಹಾಗೆ ಮೇಲೆ ಹುಲ್ಲಿನ ಕಡ್ಡಿ ತೇಲಿಬಿಡಬೇಕು. ಕತ್ತಲಾಗುವಾಗ ಇಡಬೇಕು, ಒಂದು ಹನಿಯೂ ಹೊರಗೆ ಚೆಲ್ಲಬಾರದು. ಚೆಲ್ಲಿದರೆ ಇರುವೆಗಳಿಗೆ ಆಮಂತ್ರಣ. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇದ್ದರೂ ಒಂದು ಹುಲ್ಲಿನ ಗರಿ ತಾಗಿಕೊಂಡರೆ ಸಾಕು, ಅದೇ ಅವಕ್ಕೆ ಸೇತುವೆ. ಆದರೆ ಪಾಕ ಆಪತ್ತಿಗೆ ಮಾತ್ರ. ಜೇನು ಪೂರ್ತಿ ಬಳಿದುಕೊಂಡು, ಸಕ್ಕರೆ ಕೊಟ್ಟು ಸಾಕುವುದು ನನಗೆ ಸರಿ ಕಾಣುವುದಿಲ್ಲ.

ಜೇನು ಕೊಂಡುಹೋಗುವವರು ಕೇಳುವ ಎರಡು ಮಾತಿಗೆ ಇಲ್ಲೇ ಉತ್ತರ ಬರೆದುಬಿಡುತ್ತೇನೆ. ಬಾಟಲಿಯ ತಳದಲ್ಲಿ ಸಕ್ಕರೆಯಂತೆ ಹರಳುಗಟ್ಟಿದರೆ ಅದು ಕಲಬೆರಕೆ ಅಲ್ಲ. ಜೇನಿನಲ್ಲಿರುವ ಗ್ಲೂಕೋಸ್ ಹಾಗೆ ಹರಳಾಗುತ್ತದೆ. ಕೆಲವು ಹೂವಿನ ಜೇನು ಬೇಗ, ಕೆಲವು ನಿಧಾನ. ನೀರಿನ ಲೋಟಕ್ಕೆ ಹಾಕಿ ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಇದರಿಂದೆಲ್ಲ ಅಸಲಿ ನಕಲಿ ತಿಳಿಯುವುದಿಲ್ಲ. ಇನ್ನೊಂದು, ಹುಟ್ಟಿದ ಮಗುವಿನ ನಾಲಿಗೆಗೆ ಸವರಲು ಜೇನು ಕೇಳುತ್ತಾರೆ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಕೊಡುವುದಿಲ್ಲ. ಎಷ್ಟೇ ಶುದ್ಧ ಜೇನಿನಲ್ಲೂ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಎಳೆ ಮಗುವಿನ ಹೊಟ್ಟೆ ತಡೆಯಲಾರದು. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಹೀಗೆ ಹೇಳಿದ್ದಕ್ಕೆ ಒಬ್ಬಿಬ್ಬರು ಮುಖ ಸಣ್ಣ ಮಾಡಿದ್ದೂ ಉಂಟು. ಪರವಾಗಿಲ್ಲ.

ಕಳೆದ ಮೇ ತಿಂಗಳಲ್ಲೂ ನೆಂಟರು ಬಂದಿದ್ದರು. ಆ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಾರೆ. ಸೂಪರ್ ಭಾರವಾಗಿತ್ತು, ಬೆಳ್ಳನೆ ಮುಚ್ಚಳ ಬಿದ್ದಿತ್ತು. ಅವರಿಗೆ ತೆರೆದು ತೋರಿಸಿದೆ. ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ಎಲ್ಲರೂ ಒಂದೊಂದು ಹನಿ ನೆಕ್ಕಿದರು. ಆಮೇಲೆ ಹಾಗೇ ಮುಚ್ಚಿದೆ. ಏಪ್ರಿಲ್‌ನಲ್ಲಿ ತೆಗೆದಿಟ್ಟ ಬಾಟಲಿಯನ್ನು ಕೊಟ್ಟು ಕಳಿಸಿದೆ.

ಆಗಸ್ಟ್‌ನಲ್ಲಿ ಹದಿನೈದು ದಿನ ಸುರಿದ ಮಳೆ ಒಂದು ಬೆಳಗ್ಗೆ ಸ್ವಲ್ಪ ಹೊತ್ತು ನಿಂತಿತು. ಪೆಟ್ಟಿಗೆಯ ಮೇಲಿನ ತಗಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇಲಿಯಂಚಿನ ನಾಚಿಕೆಮುಳ್ಳು ಗುಲಾಬಿ ಹೂವು ಬಿಟ್ಟಿತ್ತು, ಆಗಲೇ ಅದರ ಮೇಲೆ ಏಳೆಂಟು ನೊಣ. ಬೆರಳ ಗಣ್ಣಿನಿಂದ ಪೆಟ್ಟಿಗೆಯ ಪಕ್ಕಕ್ಕೆ ಮೆಲ್ಲಗೆ ತಟ್ಟಿದೆ. ಒಳಗಿಂದ ಎಲ್ಲವೂ ಒಟ್ಟಿಗೆ 'ಸ್ಸ್' ಅಂದು ಸುಮ್ಮನಾದವು. ತುಡುವೆ ಹೀಗೇ ಬುಸುಗುಟ್ಟುತ್ತದೆ. ಹಿಂಬದಿಗೆ ಕೈ ಕೊಟ್ಟು ಎತ್ತಿದೆ.

ಅಡುಗೆಮನೆ ಕಿಟಕಿಯಿಂದ ಅತ್ತೆ ಕೂಗಿ ಕೇಳಿದರು. "ಭಾರ ಇದ್ದಾ ತಂಗಿ?"

"ಇದ್ದು" ಅಂದೆ.